ಗಂಟು ಬಿಚ್ಚೋರು ಯಾರು ಅಂತ ನೋಡಿ ಕಟ್ಟಿ

ಮನೆ ಸಾಲಕ್ಕೋ ಸೈಟ್ ರಿಜಿಸ್ಟ್ರೇಷನ್‌ಗೋ ಕಾಗದಪತ್ರ ಕಳಿಸೋ ಕೆಲಸ ಈಗ ಮನೆಯ ಕಿರಿಯರ ತಲೆಗೇ ಬರುತ್ತೆ. ಕ್ರಯಪತ್ರ, ಖಾತಾ, ಇ.ಸಿ., ಕಂದಾಯ ರಸೀದಿ, ಎಲ್ಲಾ ಸೇರಿ ನಲವತ್ತು ಫೈಲು. ನಿಮ್ಮದು ಮ್ಯಾಕ್, ಊರಲ್ಲಿರೋ ಅಣ್ಣನದು ಹಳೇ ವಿಂಡೋಸ್, ವಕೀಲರು ಎಲ್ಲಾನೂ ಫೋನಲ್ಲೇ ನೋಡೋರು. ಒಂದೊಂದಾಗಿ ವಾಟ್ಸಾಪಿಗೆ ಹಾಕಿದ್ರೆ ಯಾವುದು ಬಂತು, ಯಾವುದು ಬಿಟ್ಟುಹೋಯ್ತು ಅನ್ನೋದೇ ತಿಳಿಯಲ್ಲ. ಒಂದು ಗಂಟು ಕಟ್ಟಿ ಕಳಿಸೋದೇ ವಾಸಿ.

ಜಿಪ್ ಮಾಡಿದ್ರೆ ಸೈಜ್ ಅರ್ಧ ಆಗುತ್ತೆ ಅನ್ನೋ ನಂಬಿಕೆ ಮಾತ್ರ ಬಿಟ್ಟುಬಿಡಿ. ಒಂದೇ ಥರದ ಅಕ್ಷರಗಳ ಸಾಲು ಮತ್ತೆ ಮತ್ತೆ ಬಂದ್ರೆ, ಅದನ್ನು ಒಂದು ಸಲ ಬರೆದು, ಮುಂದಿನ ಸಲ ‘ಹಿಂದೆ ಇಂಥಲ್ಲಿ ನೋಡು’ ಅಂತ ಗುರುತು ಹಾಕೋದೇ ಜಿಪ್‌ನ ಮುಖ್ಯ ಉಪಾಯ. ಬರೀ ಅಕ್ಷರಗಳಿರೋ ಫೈಲ್ ಚೆನ್ನಾಗಿ ಕುಗ್ಗುತ್ತೆ. ಜೆಪೆಗ್ ಫೋಟೋ, ಎಂಪಿ4 ವಿಡಿಯೋ ಮೊದಲೇ ಹಿಂಡಿ ಒಣಗಿಸಿದ ಬಟ್ಟೆ. ಇನ್ನೆಷ್ಟು ಹಿಂಡಿದ್ರೂ ನೀರು ಬರಲ್ಲ. ವರ್ಡ್‌ನ ಡಾಕ್ಸ್ ಫೈಲಂತೂ ಒಳಗೆ ಸ್ವತಃ ಒಂದು ಜಿಪ್! ಹಾಗಾಗಿ ಸ್ಕ್ಯಾನ್ ಮಾಡಿದ ಪತ್ರಗಳ ಗಂಟು ಜಿಮೇಲ್‌ನ 25 ಎಂಬಿ ಮೀರಿದ್ರೆ, ಡ್ರೈವ್ ಲಿಂಕ್ ಕಳಿಸಬೇಕು, ಇಲ್ಲಾ ಸ್ಕ್ಯಾನನ್ನೇ ಹಗುರ ಮಾಡಬೇಕು.

ಯಾವ ಗಂಟು? ಲಿನಕ್ಸ್ ಗೆಳೆಯರು ‘ಟಾರ್’ ಅಂತಾರೆ. ಟೇಪ್‌ಗೆ ಫೈಲ್ ತುಂಬೋ ಕಾಲದ್ದು ಅದು, ಯುನಿಕ್ಸ್‌ನಲ್ಲಿ 1979ರಿಂದ ಇದೆ. ಟಾರ್ ಕಟ್ಟುತ್ತೆ ಅಷ್ಟೇ, ಕುಗ್ಗಿಸೋಕೆ ಜೀಜಿಪ್‌ನಂಥ ಇನ್ನೊಂದು ಬೇಕು. 7ಜೆಡ್ ಇನ್ನೂ ಚಿಕ್ಕದಾಗಿ ಕಟ್ಟಬಹುದು. ಆದ್ರೆ ವಿಂಡೋಸ್ ತಾನಾಗಿ 7ಜೆಡ್, ರಾರ್ ಬಿಚ್ಚೋಕೆ ಕಲಿತದ್ದು 2023ರಲ್ಲಿ, ಅದೂ ವಿಂಡೋಸ್ 11ರಲ್ಲಿ. ಅಣ್ಣನ ಕಂಪ್ಯೂಟರಿಗೆ ಅದು ಬಂದಿರಲ್ಲ. ಫಿಲ್ ಕಾಟ್ಜ್ 1989ರಲ್ಲಿ ಜಿಪ್ ತಂದಾಗ ಅದರ ವಿವರವನ್ನು ಎಲ್ಲರಿಗೂ ತೆರೆದಿಟ್ಟರು. ಅದಕ್ಕೇ ಇವತ್ತು ಮ್ಯಾಕ್, ವಿಂಡೋಸ್, ಆಂಡ್ರಾಯ್ಡ್, ಐಫೋನ್ ಎಲ್ಲಾ ಕಡೆ ಅದು ತೆರೆಯುತ್ತೆ. ನಾಲ್ಕು ಎಂಬಿ ಉಳಿಸೋಕೆ ಹೋಗಿ ರಿಜಿಸ್ಟ್ರೇಷನ್ ದಿನ ಬೆಳಗ್ಗೆ ‘ಓಪನ್ ಆಗ್ತಿಲ್ಲ ಕಣೋ’ ಅಂತ ಫೋನ್ ಬರೋದು ಬೇಡ.

ನಿಜವಾದ ತೊಂದರೆ ಇರೋದು ಹೆಸರುಗಳಲ್ಲಿ. ಮ್ಯಾಕ್‌ನಲ್ಲಿ ‘ಖಾತಾ ಸರಿ ಇದೆಯಾ?’ ಅಂತ ಫೈಲಿಗೆ ಹೆಸರಿಡಬಹುದು. ವಿಂಡೋಸ್ ಆ ಪ್ರಶ್ನಾರ್ಥಕ ಚಿಹ್ನೆ ಒಪ್ಪಲ್ಲ. ನಕ್ಷತ್ರ, ಕೋಲನ್ ಕೂಡ ಒಪ್ಪಲ್ಲ. ಲಿನಕ್ಸ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಯಾದ್ರೆ ಎರಡು ಫೈಲು. ವಿಂಡೋಸಿಗೆ ಎರಡೂ ಒಂದೇ ಹೆಸರು, ಬಿಚ್ಚುವಾಗ ಒಂದು ಇನ್ನೊಂದರ ಮೇಲೆ ಕೂರಬಹುದು. ಕನ್ನಡದ ಹೆಸರು ಹಳೇ ಸಾಫ್ಟ್‌ವೇರಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗಿ ಬಿಚ್ಚಿಕೊಳ್ಳೋದೂ ಉಂಟು. ಒಳಗಿನ ಪತ್ರಕ್ಕೇನೂ ಆಗಿರಲ್ಲ, ಆದ್ರೆ ಯಾವುದು ಯಾವುದಂತ ವಕೀಲರಿಗೆ ಗೊತ್ತಾಗಬೇಕಲ್ಲ? ನಮ್ಮ ಭಾಷೆಗೆ ಈ ಗತಿಯಾ ಅಂತ ಬೇಸರವಾಗುತ್ತೆ, ಆದರೂ ಗಂಟಿನ ಮಟ್ಟಿಗೆ ಇಂಗ್ಲಿಷ್ ಅಕ್ಷರ, ಮುಂದೆ 01, 02 ಅಂತ ಅಂಕಿ ಹಾಕೋದು ಕ್ಷೇಮ. ಎಷ್ಟು ಬಂತು ಅಂತ ಎಣಿಸೋಕೂ ಸುಲಭ.

ಮ್ಯಾಕ್‌ನಿಂದ ಹೋದ ಜಿಪ್ಪನ್ನು ವಿಂಡೋಸಲ್ಲಿ ಬಿಚ್ಚಿದ್ರೆ ‘ಮ್ಯಾಕ್‌ಓಎಸ್‌ಎಕ್ಸ್’ ಅನ್ನೋ ಕರೆಯದ ನೆಂಟ ಫೋಲ್ಡರ್ ಕಾಣಿಸಬಹುದು. ಅದರೊಳಗೆ ನಿಮ್ಮ ಫೈಲುಗಳ ಹೆಸರೇ, ಮುಂದೆ ಒಂದು ಚುಕ್ಕಿ, ಒಂದು ಅಡಿಗೆರೆ. ತೆರೆದ್ರೆ ಏನೂ ಬರಲ್ಲ. ‘ನೀನು ಕಳಿಸಿದ ಪಿಡಿಎಫ್ ಹಾಳಾಗಿದೆ’ ಅನ್ನೋ ಗಾಬರಿಗೆ ಎಷ್ಟೋ ಸಲ ಇದೇ ಕಾರಣ. ಅದು ಮ್ಯಾಕ್ ತನಗೋಸ್ಕರ ಇಟ್ಟುಕೊಂಡ ಟಿಪ್ಪಣಿ, ಅಳಿಸಿದ್ರೂ ನಷ್ಟ ಇಲ್ಲ.

ಅಣ್ಣನಿಗೆ ಇನ್ನೊಂದು ಹೇಳಿಡಿ: ಜಿಪ್ ಒಳಗೇ ಫೈಲ್ ತೆರೆದು ತಿದ್ದೋದು ಬೇಡ, ಸೇವ್ ಆಯ್ತು ಅಂದ್ಕೊಂಡದ್ದು ಉಳಿಯದೇ ಹೋಗಬಹುದು. ಮೊದಲು ‘ಎಕ್ಸ್‌ಟ್ರಾಕ್ಟ್ ಆಲ್’, ಆಮೇಲೆ ತಿದ್ದೋದು.

ಆಧಾರ್, ಪಾನ್ ಪ್ರತಿ ಇದ್ರೆ ಪಾಸ್‌ವರ್ಡ್ ಹಾಕಿ. ವಿಂಡೋಸ್‌ನ ಮಾಮೂಲಿ ಜಿಪ್‌ನಲ್ಲಿ ಆ ಸೌಲಭ್ಯ ಇಲ್ಲ, 7-ಜಿಪ್ ಅನ್ನೋ ಉಚಿತ ಸಾಫ್ಟ್‌ವೇರ್ ಬೇಕು. ಎಇಎಸ್ ಆರಿಸಿಕೊಂಡ್ರೆ ಬೀಗ ಗಟ್ಟಿ, ಆದ್ರೆ ಬಿಚ್ಚೋರಿಗೂ ಅಂಥದ್ದೇ ಸಾಫ್ಟ್‌ವೇರ್ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯದೆ ಫೋನಲ್ಲಿ ಹೇಳಿ. ಜಿಪ್‌ಗೆ ಬೀಗ ಹಾಕಿದ್ರೂ ಒಳಗಿನ ಫೈಲುಗಳ ಹೆಸರು ಹೊರಗಿನವರಿಗೆ ಕಾಣುತ್ತೆ. ಆದ್ದರಿಂದ ಅಪ್ಪನ ಆಧಾರ್ ನಂಬರನ್ನೇ ಫೈಲ್ ಹೆಸರು ಮಾಡಬೇಡಿ.