ಕಾಣದ ನೋವಿಗೂ ನ್ಯಾಯವುಂಟು

ಕಣ್ಣಿಗೆ ಕಾಣದ ತಲೆನೋವು, ಮುಖದ ನರದ ತೊಂದರೆಗಳಂಥ ಕಾಯಿಲೆಗಳಿಗೆ ಮಾಜಿ ಸೈನಿಕರು ಅಂಗವೈಕಲ್ಯ ಪಿಂಚಣಿ ಕೇಳುವುದೂ, ಅರ್ಜಿ ತಿರಸ್ಕೃತವಾದ ಮೇಲೆ ಮೇಲ್ಮನವಿ ಸಲ್ಲಿಸುವುದೂ ಬೊಕ್ಕಸಕ್ಕೆ ಹೊರೆಯೆಂಬ ಪ್ರಕಟಿತ ಅಭಿಪ್ರಾಯವು ವೈದ್ಯಶಾಸ್ತ್ರವನ್ನೂ ಕಾನೂನನ್ನೂ ಒಟ್ಟಿಗೆ ಕಡೆಗಣಿಸಿದೆ.

ಮೈಗ್ರೇನ್, ಅಂದರೆ ಮರುಕಳಿಸುವ ತೀವ್ರ ತಲೆನೋವು, ಸ್ಕ್ಯಾನಿನಲ್ಲಿ ಕಾಣಿಸದೆ ಮುಖ್ಯವಾಗಿ ರೋಗಿಯ ವಿವರಣೆಯಿಂದಲೇ ನಿರ್ಣಯವಾಗುವ ಕಾಯಿಲೆ. ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ಕಪಾಲನರ ಸೋತು, ಕಣ್ಣು ಮುಚ್ಚಲಾಗದೆ ಬಾಯಿ ಒಂದು ಕಡೆಗೆ ವಾಲುವ ಬೆಲ್ಸ್ ಪಾಲ್ಸಿಯು ಹೆಚ್ಚಿನವರಲ್ಲಿ ವಾಸಿಯಾದರೂ ಕೆಲವರಲ್ಲಿ ಶಾಶ್ವತ ಊನವನ್ನು ಉಳಿಸುತ್ತದೆ.

1985ರಲ್ಲಿ ಸೇನೆ ಸೇರಿ, ಅಪಸ್ಮಾರದ ಕಾರಣಕ್ಕೆ 1994ರಲ್ಲಿ ಬಿಡುಗಡೆಗೊಂಡ ಧರ್ಮವೀರ್ ಸಿಂಗ್ ಅವರ ಪಿಂಚಣಿ ಕೋರಿಕೆಯನ್ನೂ ಮೊದಲು ತಳ್ಳಿಹಾಕಲಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಅರ್ಹತೆಯ 1982ರ ನಿಯಮಗಳನ್ನು ಆಧರಿಸಿ, ಸೇರ್ಪಡೆಯ ವೇಳೆ ದಾಖಲಾಗದ ಕಾಯಿಲೆ ಸೇವೆಯಿಂದ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ತೀರ್ಪಿತ್ತಿತು. ಅನಂತರದ ನಿಯಮಗಳು ಬಿಗಿಯಾಗಿರುವುದು ನಿಜವಾದರೂ, ಕಾರಣ ಬರೆಯದ ವೈದ್ಯಕೀಯ ಮಂಡಳಿಯ ಒಂದು ಸಾಲಿನ ಅಭಿಪ್ರಾಯಕ್ಕೆ ಅವು ರಕ್ಷಣೆಯಾಗಲಾರವು.

ಗೋಕಾಕ ಸೀಮೆಯ ಮೇಲವಂಕಿಯಂಥ ಊರಿನ ನಿವೃತ್ತ ಸಿಪಾಯಿಗೆ ಇಲಾಖೆಯೊಳಗಿನ ಎರಡು ಹಂತದ ಮೇಲ್ಮನವಿ, ಬಳಿಕ 2007ರ ಕಾಯ್ದೆಯಿಂದ ರೂಪುಗೊಂಡ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಇವೇ ಮುಖ್ಯ ದಾರಿಗಳು. ದುರುಪಯೋಗವಿದ್ದರೆ ಪ್ರತಿ ಕಡತವನ್ನೂ ಪರಿಶೀಲಿಸಿ ತಡೆಯಬೇಕೇ ಹೊರತು, ದೇಶಕ್ಕಾಗಿ ದುಡಿದವರೆಲ್ಲರನ್ನೂ ಸುಳ್ಳುಗಾರರೆಂದು ಶಂಕಿಸಿ ಮೇಲ್ಮನವಿಯ ಬಾಗಿಲನ್ನೇ ಮುಚ್ಚುವುದು ನ್ಯಾಯವಲ್ಲ.