ವೃದ್ಧಾಪ್ಯದ ವೇತನವನ್ನು ಪೇಟೆಗೆ ಒಪ್ಪಿಸಬಹುದೇ?

2006ನೆಯ ಇಸವಿಯ ಏಪ್ರಿಲ್ 1ರಂದು ಕರ್ನಾಟಕ ಸರ್ಕಾರವು ತನ್ನ ನೌಕರವರ್ಗವನ್ನು ಎರಡಾಗಿ ವಿಂಗಡಿಸಿತು. ಅದಕ್ಕೆ ಮೊದಲು ಸೇವೆಗೆ ಸೇರಿ ಪೂರ್ಣಾವಧಿ ದುಡಿದವರಿಗೆ ಕೊನೆಯ ವೇತನದ ಅರ್ಧಭಾಗವು, ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆಯೊಡನೆ, ಯಾವಜ್ಜೀವವೂ ಪಿಂಚಣಿಯಾಗಿ ಸಲ್ಲುತ್ತದೆ. ಅನಂತರ ಸೇರಿದವರಾದರೋ ಮೂಲವೇತನ ಮತ್ತು ತುಟ್ಟಿಭತ್ಯೆಗಳ ನೂರಕ್ಕೆ 10ರಷ್ಟನ್ನು ತಿಂಗಳುತಿಂಗಳೂ ಕಟ್ಟಿ, ಸರ್ಕಾರದ ವಂತಿಗೆಯೊಡನೆ ಆ ಹಣವು ಷೇರುಗಳಲ್ಲಿಯೂ ಸಾಲಪತ್ರಗಳಲ್ಲಿಯೂ ಎಷ್ಟು ಬೆಳೆಯುವುದೋ ಅಷ್ಟನ್ನೇ ನೆಚ್ಚಿಕೊಂಡಿರಬೇಕು. ನಿವೃತ್ತಿಯ ವೇಳೆಗೆ ಕೂಡಿದ ಮೊತ್ತದಲ್ಲಿ ನೂರಕ್ಕೆ 40ರಷ್ಟನ್ನಾದರೂ ವಿಮಾ ಸಂಸ್ಥೆಗೆ ಕೊಟ್ಟು ಮಾಸಾಶನವನ್ನು ಕೊಂಡುಕೊಳ್ಳತಕ್ಕದ್ದು. ಆ ಮಾಸಾಶನಕ್ಕೆ ತುಟ್ಟಿಭತ್ಯೆಯ ಆಸರೆಯಿಲ್ಲ. ಎನ್‌ಪಿಎಸ್ ಎಂಬುದು ಇದೇ.

ಇದರ ಪೆಟ್ಟು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ವಯೋಮಿತಿಯ ಸಡಿಲಿಕೆಯಿಂದ ನಲವತ್ತರ ಸಮೀಪದಲ್ಲಿ ಕೆಲಸ ದೊರೆತ ಶಾಲಾಶಿಕ್ಷಕರು 60ಕ್ಕೆ ನಿವೃತ್ತರಾಗುವಾಗ, ಅವರ ಖಾತೆಯಲ್ಲಿರುವುದು ಅಲ್ಪಕಾಲದ, ಅಲ್ಪವೇತನದ ಉಳಿತಾಯ ಮಾತ್ರ. ಪೇಟೆ ಕುಸಿದ ವರ್ಷದಲ್ಲಿಯೇ ಅವರ ನಿವೃತ್ತಿಯೂ ಒದಗಿದರೆ ಅದು ಅವರ ದುರದೃಷ್ಟವೆಂದು ಬಿಟ್ಟುಬಿಡುವುದು ನ್ಯಾಯವೇ? ಹಿಂದೆ ಸರ್ಕಾರವೆಂಬ ಬಲಿಷ್ಠ ಸಂಸ್ಥೆ ಹೊತ್ತಿದ್ದ ಭಾರವನ್ನು, ದುಡಿಯುವ ಶಕ್ತಿಯುಡುಗಿದ ವ್ಯಕ್ತಿಯ ಹೆಗಲಿಗೆ ವರ್ಗಾಯಿಸಿದುದೇ ಈ ಪದ್ಧತಿಯ ಮೂಲದೋಷವೆಂದು ನಾನು ಭಾವಿಸುತ್ತೇನೆ.

ಪಿಂಚಣಿಯು ಒಡೆಯನು ಮನಸ್ಸಂತೋಷದಿಂದ ನೀಡುವ ಕೊಡುಗೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಬರುವ ಹಕ್ಕು ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರಿನಲ್ಲಿ ನಕಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದುದರಿಂದ 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘವು ವೇತನ ಪರಿಷ್ಕರಣೆಯೊಡನೆ ಹಳೆಯ ಪಿಂಚಣಿಯನ್ನೂ ಬೇಡಿ ಮುಷ್ಕರ ಹೂಡಿದುದು ದುರಾಸೆಯಿಂದಲ್ಲ. ಅಂದೇ ನೂರಕ್ಕೆ 17ರ ಮಧ್ಯಂತರ ಪರಿಹಾರದ ಆದೇಶ ಹೊರಟಿತು. ಪಿಂಚಣಿಯ ವಿಚಾರ ಮಾತ್ರ ಸಮಿತಿಯ ಪಾಲಾಯಿತು. 2024ರ ಜನವರಿಯಲ್ಲಿ, 2006ಕ್ಕೆ ಮೊದಲೇ ನೇಮಕಾತಿಯ ಅಧಿಸೂಚನೆ ಹೊರಟಿದ್ದು ಅನಂತರ ಸೇರಿದ ಸುಮಾರು 13,000 ನೌಕರರು ಹಳೆಯ ಪದ್ಧತಿಗೆ ಬಂದರು. ಉಳಿದವರು ಕಾದಿದ್ದಾರೆ.

ಬೊಕ್ಕಸದ ಹೊರೆಯನ್ನು ಕುರಿತು ಹಣಕಾಸಿನ ಪಂಡಿತರು ಹೇಳುವ ಮಾತನ್ನು ನಾನು ತಳ್ಳಿಹಾಕಲಾರೆ. ಆಯುಷ್ಯ ಬೆಳೆದಿದೆ, ಪಿಂಚಣಿಯ ವೆಚ್ಚವೂ ಬೆಳೆದಿದೆ. ಹೊಲಗದ್ದೆಗಳಲ್ಲಿ ದುಡಿದು ಮುಪ್ಪಿನಲ್ಲಿ ನಿಶ್ಚಿತ ಆದಾಯವಿಲ್ಲದ ಬಹುಜನರ ತೆರಿಗೆಯೂ ಆ ಬೊಕ್ಕಸದಲ್ಲಿದೆ. ಆದರೆ ಒಬ್ಬರ ಅಭದ್ರತೆಯನ್ನು ತೋರಿಸಿ ಇನ್ನೊಬ್ಬರನ್ನೂ ಅಭದ್ರತೆಗೆ ದೂಡುವುದು ಕಲ್ಯಾಣರಾಜ್ಯಕ್ಕೆ ಒಪ್ಪುವ ತರ್ಕವಲ್ಲ. ಕೇಂದ್ರ ಸರ್ಕಾರವೇ 2025ರ ಏಪ್ರಿಲ್ 1ರಿಂದ ಜಾರಿಗೆ ತಂದ ಏಕೀಕೃತ ಯೋಜನೆಯಲ್ಲಿ, ನೌಕರರ ವಂತಿಗೆಯನ್ನು ಉಳಿಸಿಕೊಂಡೇ, 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನೂ, 10 ವರ್ಷ ದುಡಿದವರಿಗೆ ಕನಿಷ್ಠ 10,000 ರೂಪಾಯಿಯನ್ನೂ ಖಚಿತಪಡಿಸಿದೆ. ಎರಡು ದಶಕಗಳ ಅನುಭವದ ಬಳಿಕ ನಿಶ್ಚಿತತೆಯ ಅಗತ್ಯವನ್ನು ದೆಹಲಿಯೂ ಒಪ್ಪಿಕೊಂಡಂತಾಯಿತು. ಆ ಯೋಜನೆಯೂ ಹಳೆಯದಕ್ಕೆ ಸಮವಲ್ಲವೆಂಬ ನೌಕರರ ಆಕ್ಷೇಪದಲ್ಲಿ ಹುರುಳಿದೆ. ಆದರೂ ಮಾತುಕತೆಗೆ ಅದೊಂದು ಕೆಳಮಟ್ಟದ ಗೆರೆಯಾಗಬಲ್ಲುದು.

ನಮ್ಮ ಶಾಸಕರು 2025ರ ಮಾರ್ಚ್ ತಿಂಗಳಲ್ಲಿ ತಮ್ಮ ವೇತನವನ್ನೂ ಮಾಜಿ ಸದಸ್ಯರ ಪಿಂಚಣಿಯನ್ನೂ ವಿಧೇಯಕದ ಮೂಲಕ ಹೆಚ್ಚಿಸಿಕೊಂಡರು. ಆ ಪಿಂಚಣಿ ಪೇಟೆಯ ಏರಿಳಿತಕ್ಕೆ ಅಧೀನವಲ್ಲ. ತಮಗೆ ಸಲ್ಲುವ ಆ ಭದ್ರತೆಯನ್ನು, ದಾದಿಯರಿಗೂ ಶಿಕ್ಷಕರಿಗೂ ಗುಮಾಸ್ತರಿಗೂ ಅದೇ ಸದನದಲ್ಲಿ, ಅದೇ ಬಗೆಯ ಶಾಸನದಿಂದ ಒದಗಿಸಿಕೊಡಬೇಕೆಂದು ಅವರನ್ನು ಪ್ರಾರ್ಥಿಸುತ್ತೇನೆ.