ಹಿತ್ತಿಲಿನ ಲೇತು: ಮೊದಲು ವೈರಿಂಗು, ನಂತರ ಯಂತ್ರ, ಬಿಲ್ಲು ಸ್ವಂತ ಹೆಸರಿಗೆ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಅಭಿರುಚಿ ಬೆಳೆಯುತ್ತಿರುವುದನ್ನು ಗಮನಿಸುತ್ತಿದ್ದೇನೆ. ವ್ಯಾಪಾರವನ್ನು ಮಕ್ಕಳ ಕೈಗೊಪ್ಪಿಸಿದ ಹಿರಿಯರು, ಕಾರ್ಖಾನೆಯ ಕಾಗದಪತ್ರಗಳಲ್ಲಿಯೇ ಮುಳುಗಿ ಯಂತ್ರವನ್ನು ಕೈಯಾರೆ ಮುಟ್ಟದೆ ಎಷ್ಟೋ ವರ್ಷ ಕಳೆದ ಉದ್ಯಮಿಗಳು, ಮನೆಯ ಹಿತ್ತಿಲಿನಲ್ಲಿ ಒಂದು ಶೆಡ್ಡು ಹಾಕಿಸಿ, ಸಣ್ಣ ಲೇತು, ಡ್ರಿಲ್ಲಿಂಗ್ ಯಂತ್ರ, ಗ್ರೈಂಡರು ಇಟ್ಟುಕೊಂಡು ಸಂಜೆಯ ಎರಡು ಗಂಟೆಗಳನ್ನು ಅಲ್ಲಿ ಕಳೆಯಬಯಸುತ್ತಿದ್ದಾರೆ. ಇದು ಸ್ವಾಗತಾರ್ಹವಾದ ಸಂಗತಿ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳವರೆಗೆ ಸಾಗಿದ್ದು ಇಂತಹ ಸಣ್ಣ ಜಾಗದಲ್ಲಿ ಕೈ ಮಸಿ ಮಾಡಿಕೊಂಡೇ. ನಮ್ಮ ಭಾಗದ ಕೈಗಾರಿಕೆಯ ಬೇರು ಅಲ್ಲಿದೆ.

ಆದರೆ ಇಂತಹ ಸದಸ್ಯರು ನನ್ನ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಸಾಹೇಬರೇ, ಈ ಲೇತಿನ ಬಿಲ್ಲನ್ನು ಫರ್ಮಿನ ಹೆಸರಿಗೆ ಮಾಡಿಸಬಹುದಲ್ಲವೇ?" ಮನೆಯ ವೈರಿಂಗು ಈ ಯಂತ್ರವನ್ನು ತಡೆದೀತೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಲೆಕ್ಕಪರಿಶೋಧಕನಿಗೆ ವೈರಿಂಗಿನ ಉಸಾಬರಿ ಏಕೆ ಎಂದು ಓದುಗರಿಗೆ ಅನಿಸಬಹುದು. ಬೆಂಕಿ ಅನಾಹುತವಾದ ಮೇಲೆ ವಿಮಾ ಪರಿಹಾರದ ಕಡತ ಸಿದ್ಧಪಡಿಸುವುದು ನಮ್ಮ ವೃತ್ತಿಯ ಒಂದು ಭಾಗ. ಸರ್ವೇಯರರ ಜೊತೆ ಸುಟ್ಟ ಶೆಡ್ಡುಗಳಲ್ಲಿ ನಿಂತು ಲೆಕ್ಕ ಬರೆದವನು ತಂತಿಯ ದಪ್ಪವನ್ನೂ ನೋಡಲು ಕಲಿಯುತ್ತಾನೆ.

ಮೊದಲು ತಂತಿಯ ವಿಷಯ. ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಮಂಜೂರಾದ ಲೋಡು ಒಂದೆರಡು ಕಿಲೋವ್ಯಾಟ್ ಇರುವುದೇ ಹೆಚ್ಚು. ದೀಪ, ಫ್ಯಾನು, ಮಿಕ್ಸರು, ಟಿ.ವಿ.ಗಳಿಗಾಗಿ ಎಳೆದ ತಂತಿ ಅದು. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 6ರಿಂದ 8 ಆಂಪಿಯರ್ ಎಳೆದರೆ, ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. 35 ಆಂಪಿಯರ್ ಎಂದು ಹಿಡಿಯೋಣ. ಮುಖ್ಯ ಬೋರ್ಡಿನಿಂದ ಹಿತ್ತಿಲಿನ ಶೆಡ್ಡಿಗೆ 30 ಮೀಟರ್ ದೂರವಿದ್ದು, ದೀಪಕ್ಕೆ ಹಾಕುವ 1 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಅಲ್ಲಿಗೆ ಎಳೆದಿದ್ದರೆ, ಆ ಕ್ಷಣದಲ್ಲಿ ದಾರಿಯಲ್ಲೇ ಸುಮಾರು 38 ವೋಲ್ಟ್ ನಷ್ಟವಾಗುತ್ತದೆ. 230ರಲ್ಲಿ ಮೋಟಾರಿಗೆ ದಕ್ಕುವುದು 192. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ ಶೇ. 30ರಷ್ಟು ಬಲ ಕುಗ್ಗುತ್ತದೆ. ಮೋಟಾರು ಎತ್ತಿಕೊಳ್ಳಲಾರದೆ ಗುಂಯ್‌ಗುಡುತ್ತಾ ನಿಲ್ಲುತ್ತದೆ, ಆ 35 ಆಂಪಿಯರ್ ಕ್ಷಣಕ್ಕೆ ಮುಗಿಯದೆ ಹರಿಯುತ್ತಲೇ ಇರುತ್ತದೆ, ತಂತಿ ಕಾಯುತ್ತದೆ. ಅದೇ ಜಾಗದಲ್ಲಿ 4 ಚದರ ಮಿಲಿಮೀಟರಿನ ತಂತಿಯಿದ್ದರೆ ನಷ್ಟ 10 ವೋಲ್ಟಿನೊಳಗೆ ನಿಲ್ಲುತ್ತದೆ. ಈ ಎರಡು ತಂತಿಗಳ ಬೆಲೆಯ ಅಂತರವನ್ನು ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ, ಯಂತ್ರದ ಬೆಲೆಯ ಪಕ್ಕದಲ್ಲಿ ಬರೆದುಕೊಳ್ಳಿರಿ.

ಎಂ.ಸಿ.ಬಿ.ಯ ವಿಷಯವೂ ಹೀಗೆಯೇ. 10 ಆಂಪಿಯರಿನ 'ಬಿ' ಬಗೆಯದು 30ರಿಂದ 50 ಆಂಪಿಯರ್ ಹರಿದೊಡನೆ ಬೀಳುತ್ತದೆ. 'ಸಿ' ಬಗೆಯದು 50ರಿಂದ 100ರವರೆಗೆ ತಾಳಿಕೊಳ್ಳುತ್ತದೆ. ಮೋಟಾರಿಗೆ ಬೇಕಾದುದು 'ಸಿ' ಬಗೆ. ಇದು ತಿಳಿಯದೆ, ಪದೇಪದೇ ಟ್ರಿಪ್ ಆಗುತ್ತದೆಂದು 10ರದನ್ನು ಕಿತ್ತು 32ರದನ್ನು ಹಾಕಿಸುವವರಿದ್ದಾರೆ. ಹಳೆಯ ಕಾಲದಲ್ಲಿ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದ ಅಭ್ಯಾಸದ ಹೊಸ ರೂಪವಿದು. ಆಗ ಎಂ.ಸಿ.ಬಿ. ಬೀಳುವ ಮೊದಲೇ ಗೋಡೆಯೊಳಗಿನ ತಂತಿಯ ಹೊದಿಕೆ ಕರಗಿರುತ್ತದೆ.

ಆದ್ದರಿಂದ ಶೆಡ್ಡಿಗೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ಲೈನು ಎಳೆಸಬೇಕು. ಅದಕ್ಕೆ ತನ್ನದೇ ಎಂ.ಸಿ.ಬಿ., ಜೀವರಕ್ಷಣೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು. ಆರ್.ಸಿ.ಸಿ.ಬಿ. ಇದೆಯೆಂದು ಅರ್ತಿಂಗನ್ನು ಅಲಕ್ಷಿಸುವಂತಿಲ್ಲ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಒಣಗಿದಾಗ ಅರ್ತ್ ಪೈಪು ಹೆಸರಿಗೆ ಮಾತ್ರ ಉಳಿಯುತ್ತದೆ. ಅದರ ಗುಂಡಿಗೆ ನೀರು ಹಾಕುವುದನ್ನು ಮನೆಯವರು ತುಳಸಿಕಟ್ಟೆಗೆ ನೀರು ಹಾಕುವಷ್ಟೇ ನಿಯಮವಾಗಿ ಮಾಡಬೇಕು. ದೀಪದ ಸರ್ಕ್ಯೂಟು ಯಂತ್ರದ ಸರ್ಕ್ಯೂಟಿನಿಂದ ಬೇರೆಯಾಗಿರಲಿ. ಮೋಟಾರು ಟ್ರಿಪ್ ಆದಾಗ ದೀಪವೂ ಆರಿಹೋದರೆ, ಇನ್ನೂ ತಿರುಗುತ್ತಿರುವ ಚಕ್ಕಿನ ಮುಂದೆ ಕತ್ತಲೆಯಲ್ಲಿ ನಿಲ್ಲಬೇಕಾಗುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಕೂಡ ಲೇತಿನ ಬಳಿ ಒಳ್ಳೆಯದಲ್ಲ. ಅದು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಕೆಲವು ವೇಗಗಳಲ್ಲಿ ತಿರುಗುವ ಚಕ್ಕು ನಿಂತಂತೆಯೇ ಕಾಣಿಸುವುದುಂಟು.

ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುವ ಮತ್ತೊಂದು ಅಂಶವಿದೆ. ಕರೆಂಟು ಹೋಗುತ್ತದೆ, ಯಂತ್ರ ನಿಲ್ಲುತ್ತದೆ, ಯಜಮಾನರು ಚಹಾ ಕುಡಿಯಲು ಒಳಗೆ ಹೋಗುತ್ತಾರೆ. ಹಿಂತಿರುಗಿ ಬಂದು ಚಕ್ಕಿನಲ್ಲಿ ಕೈಯಿಟ್ಟು ಕೆಲಸದ ತುಂಡನ್ನು ಸರಿಪಡಿಸುತ್ತಿರುವಾಗ ಕರೆಂಟು ಬರುತ್ತದೆ. ಸಾಧಾರಣ ಸ್ವಿಚ್ಚಿನ ಯಂತ್ರ ತಾನೇ ತಿರುಗತೊಡಗುತ್ತದೆ. ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರಾದರೆ ಹಸಿರು ಗುಂಡಿಯನ್ನು ಪುನಃ ಒತ್ತುವವರೆಗೆ ಯಂತ್ರ ಅಲುಗುವುದಿಲ್ಲ. ಕೃಷಿ ಪಂಪುಸೆಟ್ಟುಗಳ ಸ್ಟಾರ್ಟರ್ ಪೆಟ್ಟಿಗೆಯನ್ನು ಕಂಡವರಿಗೆ ಇದು ಹೊಸದೇನಲ್ಲ. ಆದರೂ ಮನೆಯ ಲೇತಿಗೆ ಗೋಡೆಯ ಸ್ವಿಚ್ಚೇ ಸಾಕೆನ್ನುವವರನ್ನು ಕಂಡಿದ್ದೇನೆ. (ಧೋತರ ಉಟ್ಟು ಲೇತಿನ ಮುಂದೆ ನಿಲ್ಲುವ ಹಿರಿಯರಿಗೆ ಇನ್ನೊಂದು ವಿನಂತಿ: ಅದು ಪೂಜೆಯ ಕೋಣೆಗೇ ಇರಲಿ. ಕೈಗವಸೂ ಬೇಡ, ತಿರುಗುವ ಚಕ್ಕು ಅದನ್ನು ಕೈಯ ಸಮೇತ ಎಳೆದುಕೊಳ್ಳುತ್ತದೆ.)

ಹಳೆಯ ಯಂತ್ರ ಕೊಳ್ಳುವವರು ಇನ್ನೂ ಒಂದು ಎಚ್ಚರ ವಹಿಸಬೇಕು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು, ಬೆಂಗಳೂರಿನ ಎಚ್.ಎಂ.ಟಿ. ಲೇತುಗಳು ಇಂದಿಗೂ ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವುಗಳ ಬೆಡ್ಡಿನ ಬೀಡಿಗೆ ಈಗಲೂ ಗೌರವವಿದೆ. ಆದರೆ ಅವುಗಳ ಮೋಟಾರು ಸಾಮಾನ್ಯವಾಗಿ ಮೂರು ಫೇಸಿನದು. ಸಿಂಗಲ್ ಫೇಸಿನಿಂದ ವಿ.ಎಫ್.ಡಿ. ಮೂಲಕ ಓಡಿಸಬಹುದೆಂದು ಮಾರುವವನು ಹೇಳುತ್ತಾನೆ, ಅದು ಸುಳ್ಳೂ ಅಲ್ಲ. ಆದರೆ 230 ವೋಲ್ಟ್ ಒಳಹೋದರೆ ಹೊರಬರುವ ಮೂರು ಫೇಸೂ ಸಾಮಾನ್ಯವಾಗಿ 230 ವೋಲ್ಟಿನದೇ. 415 ವೋಲ್ಟಿಗೆಂದೇ ಸುತ್ತಿದ ಮೋಟಾರು ಅದರಲ್ಲಿ ಪೂರ್ಣ ಬಲ ಕೊಡದು. ನಾಮಫಲಕ ಓದದೆ ಮುಂಗಡ ಕೊಡಬೇಡಿರಿ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಬಿಲ್ಲನ್ನು ಫರ್ಮಿನ ಹೆಸರಿಗೆ ಮಾಡಿಸುವ ಆಸೆಯ ಮೌಲ್ಯವೆಷ್ಟು? ಎರಡು ಲಕ್ಷ ರೂಪಾಯಿಯ ಹೊಸ ಲೇತಿಗೆ ಶೇ. 18ರಂತೆ ಜಿ.ಎಸ್.ಟಿ. 36,000 ರೂ. ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದೆಂಬುದು ಮೊದಲ ಲೆಕ್ಕ. ಶೇ. 15ರ ಸವಕಳಿ 30,000 ರೂ.; ಶೇ. 30ರ ತೆರಿಗೆ ಕಟ್ಟುವ ಫರ್ಮಿಗೆ ಅದರಿಂದ ಮೊದಲ ವರ್ಷ 9,000 ರೂ. ಉಳಿತಾಯ. ಒಟ್ಟು 45,000 ರೂಪಾಯಿಯ ಪ್ರಲೋಭನೆ.

ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. ಕೇಂದ್ರ ಜಿ.ಎಸ್.ಟಿ. ಅಧಿನಿಯಮ 2017ರ 17(5) ಕಲಮಿನಂತೆ ಸ್ವಂತ ಬಳಕೆಯ ಸರಕಿಗೆ ತೆರಿಗೆ ಜಮೆ ಇಲ್ಲ. ಪಡೆದು ಬಳಸಿದ್ದರೆ ಶೇ. 18ರ ಬಡ್ಡಿಸಹಿತ ಹಿಂತಿರುಗಿಸಬೇಕು. ಉದ್ದೇಶಪೂರ್ವಕವೆಂದು ಸಾಬೀತಾದರೆ ತೆರಿಗೆಯಷ್ಟೇ ದಂಡವೂ ಬೀಳಬಹುದು. ವ್ಯವಹಾರಕ್ಕೆ ಬಳಸದ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿಯೂ ಇಲ್ಲ. ಹಳೆಯ ಯಂತ್ರವನ್ನು ದಿನವೊಂದಕ್ಕೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡಿದ್ದರಂತೂ, ಕಾರ್ಖಾನೆಯಲ್ಲಿಯೇ ಬಳಸಿದರೂ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಬಾರದು.

ಆದರೆ ನನ್ನ ಮುಖ್ಯ ಆಕ್ಷೇಪ ತೆರಿಗೆಯದಲ್ಲ, ವಿಮೆಯದು. ನನ್ನ ಕಕ್ಷಿದಾರರೊಬ್ಬರು ಹೀಗೆಯೇ ಫರ್ಮಿನ ಹೆಸರಿನಲ್ಲಿ ಲೇತು ಕೊಂಡು ಮನೆಯ ಶೆಡ್ಡಿನಲ್ಲಿ ಇರಿಸಿದ್ದರು. ಅಡುಗೆಮನೆಯ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಬೋರ್ಡು ಎಳೆದು, ಲೇತು, ಗ್ರೈಂಡರು ಎರಡನ್ನೂ ಅದಕ್ಕೇ ಸಿಕ್ಕಿಸಿದ್ದರು. ಮಳೆಗಾಲದ ಒಂದು ಸಂಜೆ ಬೋರ್ಡು ಹೊತ್ತಿಕೊಂಡು, ಪಕ್ಕದಲ್ಲಿದ್ದ ಎಣ್ಣೆಯ ಡಬ್ಬಿಗೂ ಬೆಂಕಿ ತಗುಲಿತು. ಅವರ ಮೊಮ್ಮಗ ಕೆಲವೇ ನಿಮಿಷ ಮೊದಲು ಊಟಕ್ಕೆಂದು ಹೊರಬಂದಿದ್ದ. ಶೆಡ್ಡು, ಯಂತ್ರ, ಅಳತೆಯ ಉಪಕರಣಗಳು ಎಲ್ಲವೂ ಹೋದವು. ಫರ್ಮಿನ ಅಗ್ನಿವಿಮೆಯಲ್ಲಿ ನಮೂದಾಗಿದ್ದ ಸ್ಥಳ ಕಾರ್ಖಾನೆ. ಮನೆಯ ವಿಳಾಸ ಅದರಲ್ಲಿರಲಿಲ್ಲ. ಮನೆಯ ವಿಮೆಯವರು, ಯಂತ್ರ ತಮ್ಮ ಪಾಲಿಸಿದಾರರ ಸ್ವಂತದ್ದಲ್ಲ, ಫರ್ಮಿನ ಆಸ್ತಿ ಎಂದರು. ಅದಕ್ಕೆ ನಮ್ಮದೇ ಆಸ್ತಿ ಪಟ್ಟಿ ಸಾಕ್ಷಿ. ಯಂತ್ರ ತ್ರಿಶಂಕುವಾಯಿತು. 45,000 ರೂಪಾಯಿ ಉಳಿಸಲು ಹೋಗಿ 2,36,000 ರೂಪಾಯಿಯ ಯಂತ್ರಕ್ಕೆ ಎರಡೂ ಕಡೆಯಿಂದ ಚಿಕ್ಕಾಸೂ ಬರಲಿಲ್ಲ. ತೆರಿಗೆ ಜಮೆಯನ್ನೂ ಹಿಂತಿರುಗಿಸಿದೆವು.

ನನ್ನ ಸಲಹೆ ಸರಳವಾಗಿದೆ. ಹವ್ಯಾಸವಾದರೆ ಸ್ವಂತ ಖಾತೆಯಿಂದ ಚೆಕ್ಕು ಕೊಟ್ಟು, ಸ್ವಂತ ಹೆಸರಿಗೆ ಬಿಲ್ಲು ಪಡೆದು, ಮನೆಯ ವಿಮೆಯವರಿಗೆ ಶೆಡ್ಡನ್ನೂ ಯಂತ್ರವನ್ನೂ ಲಿಖಿತವಾಗಿ ತಿಳಿಸಿರಿ. ಫರ್ಮಿಗೆ ನಿಜವಾಗಿಯೂ ಮಾದರಿಗಳನ್ನು ತಯಾರಿಸುವ ಉದ್ದೇಶವಿದ್ದರೆ ಯಂತ್ರ ಕಾರ್ಖಾನೆಯಲ್ಲಿರಲಿ. ಮನೆಯಲ್ಲಿಯೇ ಇಡಬೇಕೆಂದರೆ ಅದನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ಜಿ.ಎಸ್.ಟಿ. ನೋಂದಣಿಯಲ್ಲಿ ಸೇರಿಸಿ, ವಿಮೆಯಲ್ಲಿ ವಿಳಾಸ ಕಾಣಿಸಿ, ವಿದ್ಯುತ್ತಿನ ದರವರ್ಗವನ್ನೂ ಬದಲಾಯಿಸಿಕೊಳ್ಳಿರಿ. ಅರ್ಧ ಮನೆಗೆ, ಅರ್ಧ ಫರ್ಮಿಗೆ ಎಂಬ ಬಾಯಿಮಾತಿನ ಹಂಚಿಕೆಯನ್ನು ನಾನು ಲೆಕ್ಕಪತ್ರಗಳಲ್ಲಿ ಒಪ್ಪುವುದಿಲ್ಲ.

ವಿದ್ಯುತ್ತಿನ ದರವರ್ಗದ ವಿಷಯ ಹಲವರಿಗೆ ಕ್ಷುಲ್ಲಕವೆನಿಸುತ್ತದೆ. ವಿದ್ಯುತ್ ಅಧಿನಿಯಮ 2003ರ 126ನೇ ಕಲಮಿನ ಪ್ರಕಾರ ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ ಬಳಸಿದರೆ ಅದು ಅನಧಿಕೃತ ಬಳಕೆ. ಆ ವರ್ಗದ ದರದ ಎರಡು ಪಟ್ಟು ವಿಧಿಸುತ್ತಾರೆ. ಯಾವಾಗಿನಿಂದ ಎಂಬುದು ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುತ್ತಾರೆ. ಸ್ವಂತ ಸಂತೋಷಕ್ಕಾಗಿ ಬೊಂಬೆಯ ಚಕ್ರ ತಿರುವಿದರೆ ಅದು ಗೃಹಬಳಕೆಯೇ; ಹಣ ಪಡೆದು ಶಾಫ್ಟು ತಿರುವಿದರೆ ಅಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸುಮಾರು ಒಂದು ಕಿಲೋವ್ಯಾಟ್ ಎಳೆಯುವ ಲೇತು ದಿನಕ್ಕೆ ಎರಡು ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ ತಿಂಗಳಿಗೆ 60 ಯೂನಿಟ್. 150 ಯೂನಿಟ್ಟಿನ ಮನೆ 210ಕ್ಕೆ ಏರುತ್ತದೆ, 200ರ ಗಡಿ ದಾಟಿದ ತಿಂಗಳು ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ.

ಹವ್ಯಾಸ ಗಳಿಕೆಗೆ ತಿರುಗುವುದು ಸದ್ದಿಲ್ಲದೆ. ನೆರೆಯವರು ಪಂಪಿನ ಬುಶ್ಶು ತರುತ್ತಾರೆ, ಸಂಕೋಚದಿಂದ 500 ರೂಪಾಯಿ ಮೇಜಿನ ಮೇಲಿಡುತ್ತಾರೆ. ಬೇರೆಯವರ ವಸ್ತುವಿನ ಮೇಲೆ ಕೂಲಿ ಪಡೆದು ಮಾಡುವ ಕೆಲಸ ಜಾಬ್‌ವರ್ಕ್, ಅಂದರೆ ಸೇವೆ. ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿಯಲ್ಲವೇ ಎಂದು ಸದಸ್ಯರು ವಾದಿಸುತ್ತಾರೆ. ಆ ಮಿತಿ ಪ್ಯಾನ್ ಸಂಖ್ಯೆಗೆ ಸಂಬಂಧಿಸಿದ್ದು. ಅಂಗಡಿ ನಿಮ್ಮ ಸ್ವಂತ ಮಾಲೀಕತ್ವದ್ದಾಗಿ ಈಗಾಗಲೇ ನೋಂದಣಿಯಾಗಿದ್ದರೆ, ಹಿತ್ತಿಲಿನ ಆ 500 ರೂಪಾಯಿಯೂ ಅದೇ ವಹಿವಾಟಿಗೆ ಸೇರುತ್ತದೆ, ಮೊದಲ ಕೆಲಸದಿಂದಲೇ ತೆರಿಗೆ ಬಿಲ್ಲು ಬೇಕು. ಪಾಲುದಾರಿಕೆ ಸಂಸ್ಥೆಯ ಪಾಲುದಾರರಿಗೆ ಮಾತ್ರ ಸಂಸ್ಥೆಯ ಪ್ಯಾನ್ ಬೇರೆಯಾದುದರಿಂದ ಈ ತೊಡಕಿಲ್ಲ. ಆದಾಯ ತೆರಿಗೆಗೆ ಆ ಗಳಿಕೆಯನ್ನು ತೋರಿಸುವುದಂತೂ ಇದ್ದೇ ಇದೆ.

ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಆರನೆಯ ಒಂದು ಭಾಗವನ್ನಾದರೂ ಮೊದಲು ವೈರಿಂಗು, ಅರ್ತಿಂಗು, ಸ್ಟಾರ್ಟರಿಗೆ ತೆಗೆದಿಡಬೇಕೆಂದು ನಾನು ನನ್ನ ಕಕ್ಷಿದಾರರಿಗೆ ಹೇಳುತ್ತಿರುತ್ತೇನೆ. ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಅವರ ಬಿಲ್ಲನ್ನೂ ಪರೀಕ್ಷಾ ವರದಿಯನ್ನೂ ವಿಮಾ ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿರಿ. ಸರ್ವೇಯರು ಮೊದಲು ಕೇಳುವ ಕಾಗದ ಅದೇ.

ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಇಡುತ್ತಿದ್ದೇನೆ. ಮಳೆಗಾಲಕ್ಕೆ ಮುನ್ನ ಒಂದು ಶನಿವಾರ ಪರವಾನಗಿ ಪಡೆದ ಗುತ್ತಿಗೆದಾರರೊಬ್ಬರನ್ನೂ, ವಿಮಾ ಸರ್ವೇಯರರೊಬ್ಬರನ್ನೂ ಸಭಾಭವನಕ್ಕೆ ಕರೆಸಿ, ಮನೆಯಲ್ಲಿ ಯಂತ್ರ ಇರಿಸಿಕೊಂಡಿರುವ ಹಾಗೂ ಇರಿಸಿಕೊಳ್ಳಬಯಸುವ ಸದಸ್ಯರಿಗಾಗಿ ಅರ್ಧ ದಿನದ ಗೋಷ್ಠಿ ಏರ್ಪಡಿಸಬಹುದು. ತೆರಿಗೆಯ ಭಾಗವನ್ನು ನಾನು ವಹಿಸಿಕೊಳ್ಳುತ್ತೇನೆ. ಬರುವವರು ಮನೆಯ ಇತ್ತೀಚಿನ ವಿದ್ಯುತ್ ಬಿಲ್ಲು, ಯಂತ್ರದ ನಾಮಫಲಕದ ವಿವರ, ವಿಮಾ ಪಾಲಿಸಿಯ ಪ್ರತಿ ಇಷ್ಟನ್ನು ಜೊತೆಗೆ ತಂದರೆ ಸಾಕು.